ದಡದಿಂದ ಕಂಡ ಅಂಜದೀವ್

ಪ್ರತಿ ವರ್ಷ ಫೆಬ್ರವರಿ 2ರ ಸಂಜೆ ನಮ್ಮ ಮೇಲಿನ ಮನೆಯ ಅಡುಗೆಕೋಣೆಯ ಕಿಟಕಿಯಲ್ಲಿ ಒಂದು ಮೇಣದಬತ್ತಿ ಉರಿಯುತ್ತದೆ. ಕ್ರಿಸ್‌ಮಸ್ ಕಳೆದು ತಿಂಗಳು ದಾಟಿರುತ್ತದೆ, ಈಸ್ಟರ್ ಇನ್ನೂ ದೂರ. ಅದು ತೀರಿಹೋದ ಗಂಡನ ನೆನಪಿಗಿರಬೇಕೆಂದು ನಾವು ಬಹಳ ವರ್ಷ ಅಂದುಕೊಂಡಿದ್ದೆವು. ಕೇಳುವುದು ಸರಿಯಲ್ಲವೆಂದು ಸುಮ್ಮನಿದ್ದೆವು. ಅದೇ ಸಂಜೆ ಕೆಳಗೆ ನಮ್ಮ ಮನೆಗೆ ಒಂದು ಡಬ್ಬಿ ತುಂಬ ಬಿಳಿಯ ಸಾನ್ನಾ ಬರುತ್ತಿತ್ತು. ಇಡ್ಲಿಯ ಅಕ್ಕ ಎನ್ನಬಹುದಾದ ತಿಂಡಿ ಅದು. ಅವರ ಊರಲ್ಲಿ ಅದರ ಹಿಟ್ಟನ್ನು ಸೇಂದಿ ಹಾಕಿ ಹುಳಿಸುತ್ತಾರೆ. ನಾವು ತಿನ್ನುವುದಿಲ್ಲವೆಂದು ಗೊತ್ತಿದ್ದ ಆಕೆ ಮೊದಲ ವರ್ಷದಿಂದಲೇ ಬೇಕರಿಯ ಈಸ್ಟ್ ಹಾಕಿ ಮಾಡುತ್ತಿದ್ದರು. "ಇದರಲ್ಲಿ ಸೂರ್ ಇಲ್ಲ, ಬಾಯ್. ನಿಮ್ಮ ಅತ್ತೆಗೂ ಕೊಡು" ಎಂದು ಪ್ರತಿ ಸಲವೂ ಹೇಳುವರು. ಈಸ್ಟ್ ಹಾಕಿದ್ದಕ್ಕೆ ರುಚಿ ಅಷ್ಟಕ್ಕಷ್ಟೇ ಎಂದು ಅವರೇ ಒಪ್ಪಿಕೊಳ್ಳುತ್ತಿದ್ದರು.

ನಾವಿರುವುದು ಆರ್.ಟಿ. ನಗರಕ್ಕೆ ಹೊಂದಿಕೊಂಡ ಸುಲ್ತಾನ್‌ಪಾಳ್ಯದಲ್ಲಿ. ಮೇಲಿನ ಮನೆಯವರು ಕಾರವಾರದ ಕಡೆಯ ಕೊಂಕಣಿ ಮಾತನಾಡುವ ಕ್ರೈಸ್ತರು. ಮಗ ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 1984ರಲ್ಲಿ ಶುರುವಾದ ಆ ಕಾರ್ಖಾನೆಯ ಹೆಸರು ಬದಲಾಗಿ ಎಷ್ಟೋ ವರ್ಷಗಳಾದರೂ ನಮ್ಮ ಕಡೆಯ ಹಳಬರು ಇನ್ನೂ 'ವೀಲ್ ಅಂಡ್ ಆಕ್ಸಲ್' ಎಂದೇ ಕರೆಯುತ್ತಾರೆ. ತಾಯಿ ಮಗನ ಜೊತೆಗಿರಲು ಬಂದವರು. ನಮ್ಮ ಮಕ್ಕಳು ಅವರ ಮೊಮ್ಮಕ್ಕಳಿಂದ ಕಲಿತು ಅವರನ್ನು 'ಮಾವ್ಶಿ' ಎಂದು ಕರೆದರು. ಮೊಮ್ಮಕ್ಕಳು ಕರೆಯಬೇಕಾದದ್ದು ಅಜ್ಜಿಯೆಂದು. ಆದರೆ ಮನೆಗೆ ಬಂದ ನೆಂಟರೆಲ್ಲ ಹಾಗೆ ಕರೆಯುತ್ತಿದ್ದರಿಂದ ಅವರಿಗೂ ಅದೇ ರೂಢಿಯಾಗಿತ್ತು. ಕಡೆಗೆ ಇಡೀ ಬೀದಿಗೆ ಆಕೆ ಮಾವ್ಶಿಯಾದರು.

ಅವರನ್ನೂ ನಮ್ಮ ಅತ್ತೆಯನ್ನೂ ಹತ್ತಿರ ತಂದದ್ದು ನೂಲು. ಅತ್ತೆ ಶಿಡ್ಲಘಟ್ಟದವರು. ಅವರ ತವರಿನಲ್ಲಿ ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವುದೇ ಕಸುಬು. ಎಂಟು ಹತ್ತು ಗೂಡುಗಳ ಎಳೆ ಹಿಡಿದು ಒಂದು ನೂಲು ಮಾಡಬೇಕು, ಒಂದೆಳೆ ತುಂಡಾದರೂ ಬೆರಳಿಗೆ ಗೊತ್ತಾಗಬೇಕು. ಬಿಸಿನೀರಿನಲ್ಲಿ ಬೆಂದು ಬೆಂದು ಅತ್ತೆಯ ಬೆರಳ ತುದಿಗಳು ನುಣುಪಾಗಿಹೋಗಿದ್ದವು. ಆಧಾರ್ ಮಾಡಿಸಲು ಹೋದಾಗ ಯಂತ್ರ ಅವರ ಬೆರಳಚ್ಚನ್ನು ಮೂರು ಸಲ ತಿರಸ್ಕರಿಸಿತ್ತು. ಮಾವ್ಶಿಯ ಬೆರಳುಗಳದು ಬೇರೆ ಕಥೆ. ಅವರದು ಮೀನುಗಾರರ ಮನೆ. ಮರದ ಚಪ್ಪಟೆ ಸೂಜಿಗೆ ದಾರ ಸುತ್ತಿಕೊಂಡು, ಕಣ್ಣಳತೆಗೆ ಒಂದು ಬಿದಿರ ಸೀಳು ಹಿಡಿದು, ಟಿವಿ ನೋಡುತ್ತಲೇ ಬಲೆ ಹೆಣೆಯುವರು. ಬೆಂಗಳೂರಿನಲ್ಲಿ ಬಲೆ ಯಾರಿಗೆ ಬೇಕು? ಹಾಗಾಗಿ ಅದು ನಮ್ಮ ಮಗನ ಫುಟ್‌ಬಾಲಿನ ಚೀಲವಾಯಿತು, ಈರುಳ್ಳಿ ಚೀಲವಾಯಿತು, ಒಂದು ಸಲ ಬಾಲ್ಕನಿಗೆ ಪಾರಿವಾಳ ಬಾರದಂತೆ ಕಟ್ಟುವ ತೆರೆಯಾಯಿತು. ಈ ಕೊನೆಯದು ಇನ್ನೂ ಇದೆ. ಅಂಗಡಿಯಿಂದ ತಂದ ನೈಲಾನ್ ಬಲೆಗಳು ಎರಡು ಬೇಸಿಗೆಗೇ ಪುಡಿಯಾಗುತ್ತಿದ್ದವು.

ಮೇಣದಬತ್ತಿಯ ಗುಟ್ಟು ಹೊರಬಿದ್ದದ್ದು ಮಗಳ ಶಾಲೆಯ ಪ್ರಾಜೆಕ್ಟ್‌ನಿಂದ. ಯಾವುದಾದರೂ ಒಂದು ವಿದೇಶಿ ದ್ವೀಪದ ಜನಜೀವನ, ಕೈಕಸುಬು ಮತ್ತು ಹಬ್ಬಗಳ ಬಗ್ಗೆ ಹತ್ತು ಪುಟ ಬರೆದು ಚಿತ್ರ ಅಂಟಿಸಬೇಕಿತ್ತು. ಅವಳು ಪೋರ್ಚುಗಲ್ಲಿನ ದ್ವೀಪಗಳನ್ನು ಆರಿಸಿಕೊಂಡಿದ್ದಳು. ಅಟ್ಲಾಂಟಿಕ್ ನಡುವಿನ ಮದೀರಾದಲ್ಲಿ ಹೆಂಗಸರು ಬಟ್ಟೆಯ ಮೇಲೆ ಮಾಡುವ ಬಿಳಿ ಕಸೂತಿ. ಅದನ್ನು 19ನೇ ಶತಮಾನದ ನಡುವಿನಲ್ಲಿ ಎಲಿಜಬೆತ್ ಫೆಲ್ಪ್ಸ್ ಎಂಬ ಆಂಗ್ಲ ವ್ಯಾಪಾರಿಯ ಮಗಳು ಲಂಡನ್ನಿನ ಮಾರುಕಟ್ಟೆಗೆ ಮುಟ್ಟಿಸಿದ್ದು. ಒಂಬತ್ತು ದ್ವೀಪಗಳ ಅಸೋರ್ಸ್‌ನಲ್ಲಿ ಈಸ್ಟರ್ ನಂತರದ ವಾರಗಳಲ್ಲಿ ನಡೆಯುವ ಪವಿತ್ರಾತ್ಮನ ಹಬ್ಬ. ಅಲ್ಲಿ ಒಬ್ಬ ಸಾಮಾನ್ಯನ ತಲೆಗೆ, ಕೆಲವೆಡೆ ಮಗುವಿನ ತಲೆಗೆ, ಬೆಳ್ಳಿಯ ಕಿರೀಟವಿಟ್ಟು ಆ ದಿನದ ಚಕ್ರವರ್ತಿಯೆನ್ನುತ್ತಾರೆ. ಬಂದವರಿಗೆಲ್ಲ ರೊಟ್ಟಿ, ಮಾಂಸದ ಸಾರು ಉಚಿತ. ಯಾರು ನೀವು ಎಂದು ಕೇಳುವಂತಿಲ್ಲ. ಅದನ್ನು ಓದಿ ಅತ್ತೆ "ಇದು ನಮ್ಮ ಉರೂಸಿನ ಲಂಗರ್‌ನಂತೆಯೇ ಇದೆ" ಎಂದರು. ಚಿತ್ರಗಳನ್ನು ನೋಡುತ್ತ ಕುಳಿತಿದ್ದ ಮಾವ್ಶಿ ನಿಧಾನವಾಗಿ, "ಇಷ್ಟು ದೂರ ಯಾಕೆ ಹೋಗಬೇಕು ಮಗಾ? ನಮ್ಮ ಮನೆ ಅಂಗಳದಿಂದ ಕಾಣುತ್ತಿತ್ತು ಒಂದು" ಎಂದರು.

ಅದು ಅಂಜದೀವ್. ಕಾರವಾರದ ದಕ್ಷಿಣಕ್ಕೆ ಬಿಣಗಾ ಎದುರಿನ ಸಮುದ್ರದಲ್ಲಿರುವ ಪುಟ್ಟ ದ್ವೀಪ. ವಿಸ್ತೀರ್ಣ ಸುಮಾರು ಒಂದೂವರೆ ಚದರ ಕಿಲೋಮೀಟರ್. ನಮ್ಮ ಹೆಬ್ಬಾಳ ಕೆರೆಯಂಥ ಎರಡು ಕೆರೆಗಳು ಅದರಲ್ಲಿ ಹಿಡಿಸಬಹುದು. ಕರ್ನಾಟಕದ ದಡಕ್ಕೆ ಅಷ್ಟು ಹತ್ತಿರವಿದ್ದರೂ ಆಡಳಿತದ ಲೆಕ್ಕದಲ್ಲಿ ಅದು ಗೋವಾ. ಕಾರಣ, 1961ರ ಡಿಸೆಂಬರ್‌ವರೆಗೂ ಅಲ್ಲಿ ಪೋರ್ಚುಗಲ್ಲಿನ ಬಾವುಟ ಹಾರುತ್ತಿತ್ತು. ಮಗಳು ಮದೀರಾದ ಚಿತ್ರಗಳನ್ನು ಬದಿಗಿಟ್ಟು ಬೇರೆ ಹಾಳೆ ತೆಗೆದಳು.

ದ್ವೀಪದಲ್ಲೊಂದು ಇಗರ್ಜಿಯಿದೆ. ಹೆಸರು ನೋಸಾ ಸಿನ್ಯೋರಾ ದ ಬ್ರೋತಸ್. 'ಒರತೆಗಳ ಮಾತೆ' ಎಂದು ಅದರ ಅರ್ಥ ಹೇಳುವವರಿದ್ದಾರೆ. ಹಡಗಿನವರು ಸಿಹಿನೀರು ತುಂಬಿಕೊಳ್ಳಲು ನಿಲ್ಲುತ್ತಿದ್ದ ದ್ವೀಪಕ್ಕೆ ಒಪ್ಪುವ ಹೆಸರು. ಪೋರ್ಚುಗಲ್ಲಿನ ಅಲೆಂತೇಜು ಸೀಮೆಯಲ್ಲೂ ಬ್ರೋತಸ್ ಎಂಬ ಹಳ್ಳಿಯಿದೆ, ಅಲ್ಲೂ ಇದೇ ಹೆಸರಿನ ಮಾತೆ. ಅಲ್ಲಿಯ ಕಥೆ ಬೇರೆ: ಬಡ ದನಗಾಹಿಯೊಬ್ಬನ ಒಂದೇ ಒಂದು ಹಸು ಕಮರಿಗೆ ಬಿದ್ದು ಸತ್ತಿತು, ಮಾತೆ ಕಾಣಿಸಿಕೊಂಡು ಅದನ್ನು ಬದುಕಿಸಿದಳು. ಮಾವ್ಶಿಗೆ ಈ ಹಸುವಿನ ಕಥೆ ಗೊತ್ತಿರಲಿಲ್ಲ. ನೀರಿನದು ಗೊತ್ತಿತ್ತು. ಆ ಇಗರ್ಜಿಯ ಹಬ್ಬ ಫೆಬ್ರವರಿ 2ಕ್ಕೆ. ಅಲ್ಲಿಯೇ ಅಸಿಸಿಯ ಸಂತ ಫ್ರಾನ್ಸಿಸರ ಹಬ್ಬ ಅಕ್ಟೋಬರ್ 4ಕ್ಕೆ. ಮೇಣದಬತ್ತಿ ಇದಕ್ಕಾಗಿ ಉರಿಯುತ್ತಿತ್ತು.

ಅವರು ಹೇಳಿದ ಹಬ್ಬ ಹೀಗಿತ್ತು. ಬೆಳಕು ಹರಿಯುವ ಮುಂಚೆ ದೋಣಿಗಳು ಹೊರಡುವವು. ಅಕ್ಟೋಬರಿನಲ್ಲಿ ಅಲೆ ಜೋರಿರುವುದರಿಂದ ಹೆಂಗಸರು ಮಕ್ಕಳು ಹೋಗುತ್ತಿದ್ದದ್ದು ಹೆಚ್ಚಾಗಿ ಫೆಬ್ರವರಿಯ ಹಬ್ಬಕ್ಕೆ. ಗೋವಾ ಕಡೆಯಿಂದ ಬರುವ ದೋಣಿಗಳು, ಕಾರವಾರ ಕಡೆಯವು, ನಡುವೆ ಹರಕೆ ಹೊತ್ತ ಹಿಂದೂ ಮೀನುಗಾರರವೂ ಕೂಡ. ಅಡುಗೆ ಪಾತ್ರೆ, ಅಕ್ಕಿ, ಕಟ್ಟಿಗೆ ಎಲ್ಲ ದೋಣಿಯಲ್ಲೇ. ಪಾದ್ರಿಯ ಪೂಜೆ ಮುಗಿದ ಮೇಲೆ ಕೋಟೆಯ ಗೋಡೆಯ ನೆರಳಲ್ಲಿ ಊಟ. ಹಿಂದಿರುಗುವಾಗ ಪ್ರತಿ ಮನೆಯವರೂ ಒರತೆಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಕೊಳ್ಳಬೇಕು. ಆ ನೀರನ್ನು ಜ್ವರ ಬಂದ ಮಕ್ಕಳಿಗೆ ಕುಡಿಸುವರು, ಹೊಸ ಬಲೆಗೆ ಚಿಮುಕಿಸುವರು. ಮಾವ್ಶಿ ಕೊನೆಯ ಸಲ ಹೋದದ್ದು ಹೊಟ್ಟೆಯಲ್ಲಿ ಈ ಮಗನಿದ್ದಾಗ. ಮಗು ಹುಟ್ಟಿದ ಮೇಲೆ ಎತ್ತಿಕೊಂಡು ಬಂದು ತೋರಿಸುತ್ತೇನೆಂದು ಹರಕೆ ಹೊತ್ತಿದ್ದರು. ಒಂದು ವರ್ಷ ಮಗುವಿಗೆ ಕೆಮ್ಮು, ಇನ್ನೊಂದು ವರ್ಷ ಮಾವನ ಸಾವು, ಮುಂದಿನ ವರ್ಷ ನೋಡೋಣ ಎಂದು ತಳ್ಳುತ್ತ ಬಂದರು. ಆಮೇಲೆ 'ಸೀಬರ್ಡ್' ಬಂತು.

ಸೀಬರ್ಡ್ ಎಂದರೆ ಕಾರವಾರದ ನೌಕಾನೆಲೆಯ ಯೋಜನೆ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. 2005ರ ಮೇ 31ರಂದು ಅದು 'ಐಎನ್‌ಎಸ್ ಕದಂಬ' ಎಂಬ ಹೆಸರಿನಲ್ಲಿ ನೌಕಾಪಡೆಗೆ ಸೇರಿತು. ಈ ನಡುವೆ ಕಾರವಾರ, ಅಂಕೋಲಾ ತಾಲೂಕುಗಳ ಕಡಲಂಚಿನ ಹಳ್ಳಿಗಳಿಂದ ಸಾವಿರಾರು ಕುಟುಂಬಗಳು ಎದ್ದವು. ತೋಡೂರಿನಂಥ ಪುನರ್ವಸತಿ ಕಾಲೊನಿಗಳು ಹುಟ್ಟಿದವು. ಪರಿಹಾರದ ಮೊತ್ತಕ್ಕಾಗಿ ಕೋರ್ಟುಗಳಲ್ಲಿ ದಶಕಗಳು ಕಳೆದವು. ಮಾವ್ಶಿಯ ಅರ್ಗಾದ ಕಡೆಯ ಮನೆ, ಹತ್ತು ತೆಂಗಿನ ಮರ, ದೋಣಿ ಎಳೆಯುವ ಮರಳು ದಡ ಎಲ್ಲ ಅದರೊಳಗೆ ಹೋದವು. ಅಂಜದೀವ್ ಕೂಡ ನೌಕಾಪಡೆಯ ಪಾಲಾಯಿತು. ಅಲೆತಡೆಯ ಕಲ್ಲಿನ ಗೋಡೆ ಕಟ್ಟಿ ಅದನ್ನು ದಡಕ್ಕೆ ಜೋಡಿಸಿದರು. ಈಗ ನಡೆದುಕೊಂಡೇ ಹೋಗಬಹುದಾದ ದ್ವೀಪ ಅದು, ಆದರೆ ಹೋಗುವಂತಿಲ್ಲ. ದೇಶಕ್ಕೆ ನೌಕಾನೆಲೆ ಬೇಡವೆಂದು ಮಾವ್ಶಿ ಎಂದೂ ಹೇಳಿದವರಲ್ಲ. ಅವರ ತಂಗಿಯ ಮಗನೇ ಅಲ್ಲಿ ಗುತ್ತಿಗೆ ಕೆಲಸ ಮಾಡಿ ಮನೆ ಕಟ್ಟಿಸಿದ್ದಾನೆ. "ವರ್ಷಕ್ಕೆ ಒಂದು ದಿನ ಬಿಟ್ಟರೆ ಏನಾಗುತ್ತಿತ್ತು?" ಎಂದಷ್ಟೇ ಕೇಳುವರು. ಇದಕ್ಕೆ ನಮ್ಮ ಮನೆಯವರು ಭದ್ರತೆ, ಯುದ್ಧನೌಕೆ ಎಂದೆಲ್ಲ ವಿವರಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು.

ನಾವು ಪುಸ್ತಕ ಹುಡುಕಲು ಶುರು ಮಾಡಿದ್ದು ಮಗಳಿಗಾಗಿ. ಆದರೆ ಅವಳ ಪ್ರಾಜೆಕ್ಟ್ ಮುಗಿದು ಅಂಕ ಬಂದ ಮೇಲೂ ನಾವು ಬಿಡಲಿಲ್ಲ. ಇಷ್ಟು ಸಣ್ಣ ನೆಲದ ಮೇಲೆ ಇಷ್ಟೊಂದು ಜನ ಕಾಲಿಟ್ಟಿದ್ದಾರೆಂದು ಯಾರಿಗೆ ಗೊತ್ತಿತ್ತು! ಮೊರೊಕ್ಕೋದ ಯಾತ್ರಿಕ ಇಬ್ನ್ ಬತೂತಾ 14ನೇ ಶತಮಾನದ ನಡುವಿನಲ್ಲಿ ಗೋವೆಯಿಂದ ಹೊನ್ನಾವರಕ್ಕೆ ಬರುವ ದಾರಿಯಲ್ಲಿ ದಡದ ಹತ್ತಿರದ ಒಂದು ಸಣ್ಣ ದ್ವೀಪದಲ್ಲಿ ಇಳಿಯುತ್ತಾನೆ. ಅದು ಅಂಜದೀವ್ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲೊಂದು ಗುಡಿ, ತೋಟ, ನೀರಿನ ಕೊಳ. ಗುಡಿಯ ಗೋಡೆಗೆ ಒರಗಿ ಒಬ್ಬ ಜೋಗಿ ಕುಳಿತಿದ್ದಾನೆ. ಮಾತಾಡಿಸಿದರೆ ಮಾತಿಲ್ಲ. ಒಮ್ಮೆ ಕೂಗು ಹಾಕುತ್ತಾನೆ, ಮರದಿಂದ ತೆಂಗಿನಕಾಯಿ ಬೀಳುತ್ತದೆ, ಅದನ್ನು ಇವರ ಕೈಗಿಡುತ್ತಾನೆ. ಹಣ ಕೊಟ್ಟರೆ ಬೇಡವೆನ್ನುತ್ತಾನೆ. ಇಬ್ನ್ ಬತೂತಾನ ಕೈಯಲ್ಲಿದ್ದ ತಸ್ಬೀಹನ್ನು ಮುಟ್ಟಿ ನೋಡುತ್ತಾನೆ, ಪಡೆದುಕೊಂಡು ಮೂಸಿ ಮುತ್ತಿಡುತ್ತಾನೆ. ಬಳಿಕ ಆಕಾಶದ ಕಡೆಗೆ ಕೈ ತೋರಿಸಿ, ಆಮೇಲೆ ಕಿಬ್ಲಾದ ದಿಕ್ಕಿಗೆ ತೋರಿಸುತ್ತಾನೆ. ಈತ ಗುಟ್ಟಾಗಿ ಮುಸ್ಲಿಮನಿರಬೇಕೆಂದು ಯಾತ್ರಿಕ ತೀರ್ಮಾನಿಸುತ್ತಾನೆ. ನಮಗೆ ಆ ತೀರ್ಮಾನ ಅವಸರದ್ದೆನಿಸಿತು. ದೇವರು ಒಬ್ಬನೇ ಎಂದು ಹೇಳಬೇಕಾದರೆ ಒಬ್ಬ ಜೋಗಿ ಬೇರೆ ಹೇಗೆ ಹೇಳಬೇಕಿತ್ತು? ಅತ್ತೆ ಮಾತ್ರ ಇಬ್ನ್ ಬತೂತಾನ ಪಕ್ಷ. ಇದೇ ಯಾತ್ರಿಕ ಮುಂದೆ ಹೊನ್ನಾವರದಲ್ಲಿ ಹುಡುಗಿಯರ 13 ಮತ್ತು ಹುಡುಗರ 23 ಶಾಲೆಗಳನ್ನು ಕಂಡೆನೆಂದೂ ಅಲ್ಲಿಯ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದ್ದರೆಂದೂ ಬರೆದಿದ್ದಾನೆ. ಸುಮಾರು 680 ವರ್ಷಗಳ ಹಿಂದಿನ ಮಾತು. ಹೆಣ್ಣುಮಕ್ಕಳ ಓದಿನ ಚರ್ಚೆ ಬಂದಾಗಲೆಲ್ಲ ನಾವು ಈ 13ರ ಲೆಕ್ಕವನ್ನು ಹೇಳುವುದುಂಟು.

ಆಮೇಲೆ ಪೋರ್ಚುಗೀಸರು. 1498ರಲ್ಲಿ ವಾಸ್ಕೋ ಡ ಗಾಮ ತಾಯ್ನಾಡಿಗೆ ಮರಳುವ ಮುನ್ನ ಹಡಗು ರಿಪೇರಿಗೆ ಇಲ್ಲಿ ತಂಗಿದ. ಗೋವೆಯ ದೊರೆಯ ಬಳಿ ಕೆಲಸಕ್ಕಿದ್ದ ಒಬ್ಬ ಯಹೂದಿ ಇಲ್ಲಿಯೇ ಅವನ ಕೈಗೆ ಸಿಕ್ಕ. ಅವನನ್ನು ಹಿಂಸಿಸಿ ಬಾಯಿ ಬಿಡಿಸಿ, ಕೊನೆಗೆ ಕ್ರೈಸ್ತನನ್ನಾಗಿ ಮಾಡಿ ತನ್ನ ಹೆಸರನ್ನೇ ಕೊಟ್ಟ. ಗಾಸ್ಪರ್ ಡ ಗಾಮ ಎಂದು ಇತಿಹಾಸದಲ್ಲಿ ಬರುವವನು ಅವನೇ. 1502ರಲ್ಲಿ ಮರಳಿ ಬಂದ ಇದೇ ವಾಸ್ಕೋ ಮಕ್ಕಾದಿಂದ ಹಿಂದಿರುಗುತ್ತಿದ್ದ ಯಾತ್ರಿಕರ ಹಡಗನ್ನು ಮಲಬಾರಿನ ಕರಾವಳಿಯಲ್ಲಿ ಜನರ ಸಮೇತ ಸುಟ್ಟ. 1505ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿಸ್ಕೋ ದ ಅಲ್ಮೇದಾ ಅಂಜದೀವಿನಲ್ಲಿ ಕೋಟೆ ಕಟ್ಟಿಸಿದ. ಗೋವೆ ಅವರ ಕೈಸೇರಿದ್ದು ಅದಕ್ಕೆ ಐದು ವರ್ಷಗಳ ನಂತರ. ಮರುವರ್ಷವೇ ಕೋಟೆ ಬಿಟ್ಟುಹೋದರು. ಈಗಿರುವುದು ಸಂಭಾಜಿಯ ಕಾಲದಲ್ಲಿ, 1682ರಲ್ಲಿ, ಮರಾಠರಿಗೆದುರಾಗಿ ಮತ್ತೆ ಎಬ್ಬಿಸಿದ್ದು. ಇಂಗ್ಲಿಷರದೂ ಒಂದು ಅಧ್ಯಾಯವಿದೆ. ಮುಂಬಯಿ ವರದಕ್ಷಿಣೆಯಾಗಿ ಬಂದರೂ ಅದನ್ನು ಬಿಟ್ಟುಕೊಡಲು ಅಲ್ಲಿಯವರು ತಕರಾರು ಮಾಡಿದಾಗ, ಅಬ್ರಹಾಂ ಶಿಪ್‌ಮನ್‌ನ ಸೈನಿಕರು ಈ ದ್ವೀಪದಲ್ಲಿ ಕಾದು ಕುಳಿತರು. ಜ್ವರಕ್ಕೆ ಬಹುಪಾಲು ಮಂದಿ ಸತ್ತರು, 1664ರಲ್ಲಿ ಶಿಪ್‌ಮನ್ ಕೂಡ. ಉಳಿದ ಕೆಲವರು 1665ರಲ್ಲಿ ಹೋಗಿ ಮುಂಬಯಿಯನ್ನು ವಹಿಸಿಕೊಂಡರು.

ಪೋರ್ಚುಗೀಸರಿಗೂ ಮುಂಚೆ ದ್ವೀಪದಲ್ಲಿ ದೇವಿಯಿದ್ದಳು. ಅಂಕೋಲೆಯಲ್ಲಿ ಈಗಿರುವ ಆರ್ಯಾದುರ್ಗೆ ಮೂಲತಃ ಅಂಜದೀವಿನವಳು, ಗಲಭೆಯ ಕಾಲದಲ್ಲಿ ಅವಳನ್ನು ದಡಕ್ಕೆ ತಂದರು ಎಂದು ಅಲ್ಲಿಯ ಜನರ ನಂಬಿಕೆ. ಹಾಗೆ ನೋಡಿದರೆ ಆ ದ್ವೀಪದಿಂದ ಎದ್ದುಬಂದವರಲ್ಲಿ ಮಾವ್ಶಿಯ ಮಾತೆ ಮೊದಲಿನವಳಲ್ಲ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 2015ರ ನವೆಂಬರ್. ರಾಜ್ಯದಲ್ಲಿ ಟಿಪ್ಪು ಜಯಂತಿಯ ಗದ್ದಲ. ನಮ್ಮ ಮನೆಯಲ್ಲಿ ಟಿವಿ ನೋಡುತ್ತ ಕುಳಿತಿದ್ದಾಗ ಮಾವ್ಶಿ ಬಹಳ ಸಹಜವಾಗಿ, "ನಮ್ಮ ಹಿರಿಯರು ಟಿಪ್ಪುವಿನ ಸೈನ್ಯ ಬಂದಾಗ ಅಂಜದೀವಿಗೆ ಓಡಿಹೋಗಿದ್ದರಂತೆ. ಕ್ರೈಸ್ತರೂ ಹಿಂದೂಗಳೂ ಒಟ್ಟಿಗೇ" ಎಂದುಬಿಟ್ಟರು. ಕೋಣೆ ತಣ್ಣಗಾಯಿತು. ಟಿಪ್ಪು ಹುಟ್ಟಿದ ದೇವನಹಳ್ಳಿ ನಮಗೆ ಬಳ್ಳಾರಿ ರಸ್ತೆ ಹಿಡಿದರೆ ಒಂದು ಗಂಟೆಯ ದಾರಿ. ನಾವು ಸಣ್ಣವರಿದ್ದಾಗಿನಿಂದ ಕೇಳಿದ್ದು ಬ್ರಿಟಿಷರೆದುರು ಮಡಿದ ಸುಲ್ತಾನನ ಕಥೆ, 1791ರಲ್ಲಿ ಮರಾಠಾ ಸೈನ್ಯ ಲೂಟಿ ಮಾಡಿದ ಶೃಂಗೇರಿ ಮಠಕ್ಕೆ ನೆರವು ಕಳುಹಿಸಿ ಪತ್ರ ಬರೆದವನ ಕಥೆ. ಅತ್ತೆ ಎದ್ದು ಒಳಗೆ ಹೋದರು. ಎರಡು ವಾರ ಮೇಲಿನಿಂದ ಡಬ್ಬಿ ಬರಲಿಲ್ಲ, ಕೆಳಗಿನಿಂದಲೂ ಹೋಗಲಿಲ್ಲ. ಇಬ್ಬರಿಗೂ ಸಿಟ್ಟೇನಿರಲಿಲ್ಲ, ಎದುರಾದರೆ ಏನು ಮಾತಾಡುವುದೆಂಬ ಸಂಕೋಚವಿತ್ತು. ನಾವು ಪುಸ್ತಕ ತೆಗೆದು ನೋಡಿದೆವು. 1784ರಲ್ಲಿ ಮಂಗಳೂರಿನ ಕಡೆಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು ನಡೆದ ಸಂಗತಿ. ಸಂಖ್ಯೆಯ ಬಗ್ಗೆ ಜಗಳವಿದೆ, ಸಂಗತಿಯ ಬಗ್ಗೆ ಇಲ್ಲ. ಶೃಂಗೇರಿಯ ಪತ್ರಗಳೂ ನಿಜವೇ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ನಮ್ಮ ಹಿರಿಯರು ಹೇಳಲಿಲ್ಲವೆಂದ ಮಾತ್ರಕ್ಕೆ ಅವರ ಹಿರಿಯರು ಓಡಲಿಲ್ಲವೆಂದಾಗುವುದಿಲ್ಲ. ಮೂರನೇ ವಾರ ಅತ್ತೆಯೇ ಒಂದು ಬಟ್ಟಲು ಸೇವಿಗೆ ಪಾಯಸ ಹಿಡಿದು ಮೆಟ್ಟಿಲು ಹತ್ತಿದರು. ಮೇಲೆ ಏನು ಮಾತಾಯಿತೆಂದು ನಮಗೆ ಇವತ್ತಿಗೂ ಹೇಳಿಲ್ಲ. ಇಳಿದು ಬರುವಾಗ ಕೈಯಲ್ಲಿ ಬಲೆ ಹೆಣೆಯುವ ಮರದ ಸೂಜಿಯಿತ್ತು. ಕಲಿಯುತ್ತೇನೆ ಎಂದರು.

ಕಾರವಾರಕ್ಕೆ ಹೋಗುವ ಮಾತು ಹಾಗೆ ಹುಟ್ಟಿತು. ಹೊರಡಲು ನಾಲ್ಕು ವರ್ಷ ಹಿಡಿಯಿತು. 2020ರ ಜನವರಿ 31, ಶುಕ್ರವಾರ ಬೆಳಗ್ಗೆ, ಕತ್ತಲಿನಲ್ಲೇ ಎರಡು ಆಟೋಗಳಲ್ಲಿ ಮೇಖ್ರಿ ಸರ್ಕಲ್ ದಾಟಿ ಯಶವಂತಪುರ ನಿಲ್ದಾಣ ತಲುಪಿದೆವು. ಕಾರವಾರಕ್ಕೆ ಹೋಗುವ ಹಗಲು ರೈಲು ಅಲ್ಲಿಂದ ಹೊರಡುತ್ತದೆ. ಅತ್ತೆ, ಮಾವ್ಶಿ, ನಾವು ನಾಲ್ವರು. ಮಾವ್ಶಿಯ ಮಗನಿಗೆ ರಜೆ ಸಿಗಲಿಲ್ಲ. ಹರಕೆಯ ಮಗನೇ ಬರಲಿಲ್ಲವೆಂದು ಅವರಿಗೆ ಸ್ವಲ್ಪ ಮುನಿಸು. ಹಾಸನ ಕಳೆದು ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟದಲ್ಲಿ 57 ಸುರಂಗಗಳು. ಮಕ್ಕಳು ಎಣಿಸಲು ಹೋಗಿ ಮೂವತ್ತರ ಸುಮಾರಿಗೆ ಜಗಳವಾಡಿ ಬಿಟ್ಟರು. ಕರಾವಳಿ ಮುಟ್ಟಿದ ಮೇಲೆ ಮಾವ್ಶಿ ಬೇರೆಯೇ ಮನುಷ್ಯರಾದರು. ಪ್ರತಿ ನದಿಯ ಹೆಸರು ಹೇಳುತ್ತಾ ಹೋದರು. ಹೊನ್ನಾವರದಲ್ಲಿ ಶರಾವತಿಯ ಸೇತುವೆ ಬಂದಾಗ ಹೊರಗೆ ಕತ್ತಲಾಗಿತ್ತು. ಇಬ್ನ್ ಬತೂತಾನ 13 ಶಾಲೆಗಳ ಊರನ್ನು ನಾವು ಕಿಟಕಿಯಲ್ಲಿ ದೀಪಗಳಾಗಿ ಮಾತ್ರ ಕಂಡೆವು.

ಮರುದಿನ ಕಾಳಿ ನದಿಯಾಚೆಯ ಸದಾಶಿವಗಡಕ್ಕೆ ಹೋದೆವು. ಗುಡ್ಡದ ಮೇಲೆ ಕೋಟೆ, ದುರ್ಗೆಯ ಗುಡಿ. ಕೆಳಗೆ ಪೀರ್ ಶಾ ಶಂಸುದ್ದೀನ್ ಖರೋಬತ್ ಅವರ ದರ್ಗಾ. 1752ರಲ್ಲಿ ಈ ಕೋಟೆಯನ್ನು ಹಿಡಿದ ಪೋರ್ಚುಗೀಸರು ತಮ್ಮ ದಾಖಲೆಗಳಲ್ಲಿ ಇದನ್ನು 'ಪಿರೋ' ಎಂದು ಕರೆದಿದ್ದಾರೆ. ಅತ್ತೆ ಫಾತಿಹಾ ಓದುವವರೆಗೆ ಮಾವ್ಶಿ ಹೊರಗೆ ಚಪ್ಪಲಿ ಕಾಯುತ್ತ ನಿಂತರು. ಆ ಸೇತುವೆಯ ಮೇಲೆ ನಿಂತು ಎಲ್ಲರೂ ಫೋಟೊ ತೆಗೆಸಿಕೊಂಡೆವು. 2024ರ ಆಗಸ್ಟ್ 7ರ ರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದ ಸುದ್ದಿ ಬಂದಾಗ ಮಗಳು ಆ ಫೋಟೊ ಹುಡುಕಿ ತೆಗೆದಳು. ಹಿಂದೆ ಕಾಣುವ ಕಂಬಗಳು ಹಳೆಯದರವೋ ಹೊಸದರವೋ ಎಂದು ಇನ್ನೂ ಇತ್ಯರ್ಥವಾಗಿಲ್ಲ.

ಕಾರವಾರದ ಎದುರಿಗೆ ಇನ್ನೊಂದು ದ್ವೀಪವಿದೆ, ಕೂರ್ಮಗಡ. ಅಲ್ಲಿ ನರಸಿಂಹ ದೇವರ ಜಾತ್ರೆ ಪ್ರತಿ ವರ್ಷ ಪುಷ್ಯದ ಹುಣ್ಣಿಮೆಗೆ. ಬಾಳೆಗೊನೆ ಹೊತ್ತ ದೋಣಿಗಳು ಬಾವುಟ ಕಟ್ಟಿಕೊಂಡು ಹೋಗುತ್ತವೆ. ಮಾವ್ಶಿ ಹೇಳುವ ಅಂಜದೀವಿನ ಹಬ್ಬ ಹೇಗಿದ್ದಿರಬಹುದೆಂದು ನೋಡಬೇಕೆಂದರೆ ಇದನ್ನು ನೋಡಬೇಕು. ನಾವು ಹೋದಾಗ ಆ ವರ್ಷದ ಜಾತ್ರೆ ಮುಗಿದು ಮೂರು ವಾರವಾಗಿತ್ತು. ಹಿಂದಿನ ವರ್ಷ, 2019ರ ಜನವರಿ 21ರಂದು, ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡಿದ್ದರು. ಬೈತಖೋಲ ಬಂದರಿನಲ್ಲಿ ಮಾತಿಗೆ ಸಿಕ್ಕ ಹಿರಿಯ ಮೀನುಗಾರರೊಬ್ಬರು ಆ ದಿನದ ಬಗ್ಗೆ ಏನನ್ನೂ ಹೇಳಲು ಇಷ್ಟಪಡಲಿಲ್ಲ. ರಂಪಣಿಯ ಬಗ್ಗೆ ಕೇಳಿದರೆ ಮಾತ್ರ ಬಾಯಿ ತುಂಬ ಹೇಳಿದರು.

ರಂಪಣಿ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ದೋಣಿಯಲ್ಲಿ ಬಲೆಯ ಒಂದು ತುದಿ ಒಯ್ದು ಸಮುದ್ರದಲ್ಲಿ ಅರ್ಧ ಚಂದ್ರದಂತೆ ಸುತ್ತು ಹಾಕಿ ತರುತ್ತಾರೆ. ಎರಡು ತುದಿಗಳನ್ನೂ ಹಿಡಿದು ಊರಿಗೆ ಊರೇ ದಡದಲ್ಲಿ ನಿಂತು ಎಳೆಯಬೇಕು. ಅದು ಒಂದೇ ಬಲೆಯಲ್ಲ. ಮನೆಮನೆಯಲ್ಲಿ ಹೆಣೆದ ತುಂಡುಗಳನ್ನು ಜೋಡಿಸಿ ಮಾಡಿದ್ದು. ಯಾರದೆಷ್ಟು ತುಂಡೋ ಅಷ್ಟು ಪಾಲು. ಗಂಡ ಸತ್ತ ಹೆಂಗಸೂ ತನ್ನ ತುಂಡನ್ನು ರಿಪೇರಿ ಮಾಡಿ ಕೊಟ್ಟರೆ ಅವಳ ಬುಟ್ಟಿಗೆ ಬಂಗಡೆ ಬೀಳುತ್ತಿತ್ತು. ಮಾವ್ಶಿಯ ಅಜ್ಜಿ ಬದುಕಿದ್ದು ಹಾಗೆಯೇ. 1970ರ ದಶಕದ ಕೊನೆಗೆ ಪರ್ಸಿನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮುಂಚೆಯೇ ಹೊರಗಿನ ಕಡಲಿನಲ್ಲಿ ಗುಂಪು ಗುಂಪಾಗಿ ಎತ್ತಿಬಿಟ್ಟವು. ರಂಪಣಿಯ ಕಾಲ ಮುಗಿಯಿತು. ಅಂದರೆ ನೌಕಾನೆಲೆ ಬರುವ ಮೊದಲೇ ಆ ಊರುಗಳ ಕಸುಬಿನ ಬುಡ ಅಲುಗಿತ್ತು. ಬರೀ ಸರ್ಕಾರವನ್ನು ದೂರಿ ಮುಗಿಸಿದರೆ ಈ ಅರ್ಧ ಕಥೆ ಬಿಟ್ಟುಹೋಗುತ್ತದೆ. ಸುಲ್ತಾನ್‌ಪಾಳ್ಯದ ಬಾಲ್ಕನಿಯಲ್ಲಿ ಪಾರಿವಾಳ ತಡೆಯುವ ನಮ್ಮ ಬಲೆಯ ಕಣ್ಣು ಬಂಗಡೆಯ ಅಳತೆಯದೆಂದು ನಮಗೆ ತಿಳಿದದ್ದು ಅಲ್ಲಿ.

ಫೆಬ್ರವರಿ 2, ಭಾನುವಾರ. ಬೆಳಗ್ಗೆ ಮಾವ್ಶಿ ಕಾರವಾರದಲ್ಲಿ ಪೂಜೆಗೆ ಹೋಗಿ ಬಂದರು. ಆ ದಿನ ಇಗರ್ಜಿಗಳಲ್ಲಿ ಮೇಣದಬತ್ತಿಗಳನ್ನು ಆಶೀರ್ವದಿಸಿ ಕೊಡುವ ರೂಢಿಯಿದೆ, ಎರಡು ತಂದಿದ್ದರು. ಹನ್ನೊಂದು ಗಂಟೆಗೆ ಬಿಣಗಾದ ದಡ ತಲುಪಿದೆವು. ಎದುರಿಗೇ ಅಂಜದೀವ್. ಇಷ್ಟು ವರ್ಷ ಓದಿ ಕೇಳಿ ನಾವು ಮನಸ್ಸಿನಲ್ಲಿ ಅದನ್ನು ಬಹಳ ದೊಡ್ಡದು ಮಾಡಿಕೊಂಡಿದ್ದೆವು. ಅಲ್ಲಿದ್ದದ್ದು ನೀರಿನ ಮೇಲೆ ಮಲಗಿದಂಥ ಒಂದು ಹಸಿರು ದಿಬ್ಬ. ಇಗರ್ಜಿ ಕಾಣುತ್ತದೆಯೇ ಎಂದು ಮಗ ಕಣ್ಣು ಕಿರಿದು ಮಾಡಿ ನೋಡಿ, ಇಲ್ಲ ಎಂದ. ಮಾವ್ಶಿ ಕಾಣುತ್ತದೆ ಎಂದರು. ಅವರ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ನಾವು ವಾದಿಸಲಿಲ್ಲ.

1961ರ ಕಥೆಯನ್ನು ನಮ್ಮ ಮನೆಯವರು ಮಕ್ಕಳಿಗೆ ಅಲ್ಲಿಯೇ ಹೇಳಿದರು. ಆ ವರ್ಷ ನವೆಂಬರ್ 17ರಂದು ದ್ವೀಪದಿಂದ 'ಸಾಬರಮತಿ' ಎಂಬ ಹಡಗಿನ ಮೇಲೆ ಗುಂಡು ಹಾರಿತು. 24ರಂದು ಮೀನುಗಾರರ ದೋಣಿಯ ಮೇಲೆ ಹಾರಿ, ರಾಜಾರಾಮ್ ಕೋಚ್ರೇಕರ್ ಎಂಬ ಮೀನುಗಾರ ಸತ್ತರು. ಡಿಸೆಂಬರ್ 18ರಂದು ನಮ್ಮ ನೌಕಾಪಡೆಯವರು ದ್ವೀಪದ ಮೇಲೆ ಇಳಿದಾಗ ಏಳು ನಾವಿಕರು ಪ್ರಾಣ ಕೊಟ್ಟರು. ಮಾವ್ಶಿಗೆ ಆಗ ಹನ್ನೊಂದು ವರ್ಷ. ಸದ್ದು ಕೇಳಿ ಗುಡುಗೆಂದು ಒಣಗಿಸಿದ್ದ ಮೀನನ್ನು ಒಳಗೆ ತಂದಿದ್ದರಂತೆ. ಡಿಸೆಂಬರಿನಲ್ಲಿ ಗುಡುಗೇ ಎಂದು ತಾಯಿ ಬೈದಿದ್ದರಂತೆ.

ದ್ವೀಪಕ್ಕೆ ಹೋಗಲು ಯಾರನ್ನಾದರೂ ಕೇಳಿ ನೋಡೋಣವೇ ಎಂದು ನಾವು ಒಂದು ಸಲ ಕೇಳಿದೆವು. ಬೇಡವೆಂದರು. "ಕೇಳಿ ಇಲ್ಲ ಅನ್ನಿಸಿಕೊಂಡರೆ ಆಮೇಲೆ ಇಲ್ಲಿಂದ ನೋಡುವುದಕ್ಕೂ ಮನಸ್ಸು ಬರಲ್ಲ, ಬಾಯ್." ಮರಳಿನಲ್ಲಿ ಕೂತು ಮೇಣದಬತ್ತಿ ಹಚ್ಚಲು ನೋಡಿದರು. ಗಾಳಿಗೆ ನಿಲ್ಲಲಿಲ್ಲ. ಅತ್ತೆ ತಮ್ಮ ದುಪಟ್ಟಾವನ್ನು ಎರಡೂ ಕೈಯಲ್ಲಿ ಅಗಲಿಸಿ ಮರೆ ಮಾಡಿ ಕುಳಿತರು. ಆಗ ಹತ್ತಿತು. ಐದು ನಿಮಿಷವಿದ್ದಿರಬೇಕು. ಮಾವ್ಶಿ ಕೊಂಕಣಿಯಲ್ಲಿ ಏನೋ ಹೇಳಿಕೊಂಡರು, ಮಗನ ಹೆಸರು ಎರಡು ಸಲ ಬಂತು. ಆಮೇಲೆ ಎದ್ದು ಸೀರೆಯ ಮರಳು ಕೊಡವಿ, ಹಸಿವಾಗುತ್ತಿದೆ ಎಂದರು. ಎರಡನೇ ಮೇಣದಬತ್ತಿ ಹಚ್ಚದೆಯೇ ಬೆಂಗಳೂರಿಗೆ ಬಂತು.

ಬರುವಾಗ ರೈಲಿನಲ್ಲಿ ಮಗಳಿಗೆ ಹೊಸ ಹುಚ್ಚು. ಪೋರ್ಚುಗೀಸರು ಬಿಟ್ಟುಹೋದ ಮಾತುಗಳನ್ನು ಪಟ್ಟಿ ಮಾಡುವುದು. ಮೇಜು, ಪಾದ್ರಿ, ಇಸ್ತ್ರಿ, ಚಾವಿ, ಪೀಪಾಯಿ, ಪಗಾರ, ಬಟಾಟೆ, ಅನಾನಸ್. ಸಾಬೂನಿಗೆ ಬಂದಾಗ ಜಗಳ. ಪೋರ್ಚುಗೀಸರದೆಂದು ಅವಳು, ಅರಬಿಯಿಂದ ಬಂದದ್ದೆಂದು ಅತ್ತೆ. ಯಾರದಾದರೂ ಆಗಲಿ, ಮೊದಲು ಕೈ ತೊಳೆದುಕೊಂಡು ಬನ್ನಿ ಎಂದು ಮಾವ್ಶಿ ಊಟದ ಪೊಟ್ಟಣ ಬಿಚ್ಚಿದರು.

ಅದಾದ ಎರಡು ತಿಂಗಳಲ್ಲೇ ಲಾಕ್‌ಡೌನ್. ನಂತರ ಮಾವ್ಶಿಯ ಮಂಡಿ ನೋವು ಜಾಸ್ತಿಯಾಯಿತು, ಈಗ ಮೆಟ್ಟಿಲು ಇಳಿಯುವುದೇ ಕಷ್ಟ. ಸಾನ್ನಾದ ಡಬ್ಬಿಯನ್ನು ಸೊಸೆ ತರುತ್ತಾರೆ. ಅತ್ತೆ ಬಲೆ ಹೆಣೆಯಲು ಕಲಿತರು, ಆದರೆ ಕಣ್ಣುಗಳು ಒಂದಳತೆಗೆ ಬರುವುದಿಲ್ಲ. ಅದರಲ್ಲಿ ಈರುಳ್ಳಿ ನಿಲ್ಲುತ್ತದೆ, ಬೆಳ್ಳುಳ್ಳಿ ಜಾರುತ್ತದೆ.

ಈ ವರ್ಷದ ಫೆಬ್ರವರಿ 2ರ ಸಂಜೆ ಮಗಳು ಮೇಲೆ ಹೋಗಿದ್ದಳು. ಅವಳ ಫೋನಿನಲ್ಲಿ ಕಿಬ್ಲಾ ತೋರಿಸುವ ದಿಕ್ಸೂಚಿಯಿದೆ. ಕಾರವಾರ ಯಾವ ದಿಕ್ಕಿಗೆ ಬರುತ್ತದೆಂದು ನೋಡಿ, ಮೇಣದಬತ್ತಿಯಿಟ್ಟ ಕಿಟಕಿಯನ್ನೂ ಅಳೆದು, ಕೆಳಗೆ ಬಂದು ಅತ್ತೆಗೆ ಹೇಳಿದಳು: ಸುಲ್ತಾನ್‌ಪಾಳ್ಯದಿಂದ ಅಂಜದೀವ್ ಮತ್ತು ಮಕ್ಕಾ, ಎರಡರ ದಿಕ್ಕಿಗೂ ಹತ್ತು ಡಿಗ್ರಿಯಷ್ಟೇ ವ್ಯತ್ಯಾಸ. ಅತ್ತೆ ಆಗಲೇ ಮಗ್ರಿಬ್ ನಮಾಝಿಗೆ ಚಾಪೆ ಹಾಸುತ್ತಿದ್ದರು. "ಹಾಗಾದರೆ ಆ ಜೋಗಿ ಯಾವ ಕಡೆ ಕೈ ತೋರಿಸಿದನೋ" ಎಂದು ಹೇಳಿ ತಲೆಗೆ ದುಪಟ್ಟಾ ಎಳೆದುಕೊಂಡರು. ಮೇಲಿನಿಂದ ಸೊಸೆ ಬೆಂಕಿಪೊಟ್ಟಣ ಇದೆಯೇ ಎಂದು ಕೂಗಿ ಕೇಳುತ್ತಿದ್ದರು, ಗಾಳಿಗೆ ಆರಿಹೋಗಿತ್ತಂತೆ. ಮಗ ಎರಡೆರಡು ಮೆಟ್ಟಿಲು ಹಾರುತ್ತ ಒಯ್ದು ಕೊಟ್ಟು ಬಂದ.